ಬೆಳ್ಳೂರಿನ ಬಾಣಂತನ

ಪಕ್ಷಿಧಾಮ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರವೊಂದುಂಟು. ದೊಡ್ಡ ಬಾಗಿಲು, ಬಾಗಿಲ ಬಳಿ ಟಿಕೀಟು ಕೊಡುವ ಗುಮಾಸ್ತೆ, ಖಾಕಿ ತೊಟ್ಟ ಕಾವಲುಗಾರ, ಆಚೆಗೆ ನೀರು, ನೀರಿನ ನಡುವೆ ಗಡ್ಡೆ, ಗಡ್ಡೆಯ ಮೇಲಣ ಮರಗಳಲ್ಲಿ ಹಕ್ಕಿ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಕಂಡವರಿಗೆಲ್ಲ ಇದು ಪರಿಚಿತವಾದ ನೋಟ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಗಳಿಗೆಂದು ಬಿಟ್ಟುಕೊಟ್ಟಿತು. ಅಲ್ಲಿ ಹಕ್ಕಿಯ ಪಾಲು ಹಕ್ಕಿಗೆ, ಮನುಷ್ಯನ ಪಾಲು ಮನುಷ್ಯನಿಗೆ, ನಡುವೆ ಕಾವೇರಿ. ಖರ್ಚು ಸರ್ಕಾರದ್ದು. ಲೆಕ್ಕ ಸುಲಭ.

ಅದೇ ಸೀಮೆಯಲ್ಲಿ ಇನ್ನೊಂದು ಧಾಮವಿದೆ. ಅದಕ್ಕೆ ಬಾಗಿಲೂ ಇಲ್ಲ, ಬೇಲಿಯೂ ಇಲ್ಲ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವಾಗ ಚನ್ನಪಟ್ಟಣ ದಾಟಿ, ಮದ್ದೂರು ಸೇರುವ ಮೊದಲು ಎಡಕ್ಕೆ ಹೊರಳಿ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಶಿಂಷಾ ನದಿಗೆ ಸಮೀಪದಲ್ಲಿ ಬೆಳ್ಳೂರು ಎಂಬ ಹಳ್ಳಿ ಸಿಕ್ಕುತ್ತದೆ. ನಮ್ಮಲ್ಲಿ ಬೆಳ್ಳೂರುಗಳು ಹಲವಿರುವುದರಿಂದ ಇದನ್ನು ಕೊಕ್ಕರೆ ಬೆಳ್ಳೂರು ಎಂದು ಕರೆಯುವುದು ವಾಡಿಕೆ. ಈ ಅಡ್ಡಹೆಸರು ಪ್ರವಾಸಿಗರನ್ನು ಸೆಳೆಯಲೆಂದು ಇಟ್ಟದ್ದಲ್ಲ. ಊರ ಬೀದಿಯ ಪಕ್ಕದಲ್ಲಿ, ಮನೆಯ ಹಿತ್ತಿಲಲ್ಲಿ, ದನದ ಕೊಟ್ಟಿಗೆಯ ನೆತ್ತಿಯ ಮೇಲೆ ನಿಂತಿರುವ ಹುಣಸೆ, ಆಲ, ಅರಳಿ ಮರಗಳಲ್ಲಿ ನೂರಾರು ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟಿ ಮರಿಮಾಡಿಕೊಂಡು ಹೋಗುವುದು ಅಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಸಂಗತಿ. ಮರದ ಮೇಲೆ ಹಕ್ಕಿಯ ಸಂಸಾರ. ಮರದ ಕೆಳಗೆ ಮನುಷ್ಯನ ಸಂಸಾರ. ನಡುವೆ ನದಿಯಿಲ್ಲ. ಇಂಥ ಕಡೆ ಧಾಮವನ್ನು ನಡೆಸುವವರು ಯಾರು, ಅದರ ಖರ್ಚನ್ನು ಕೊಡುವವರು ಯಾರು ಎಂಬುದು ಅಷ್ಟು ಸುಲಭದ ಲೆಕ್ಕವಲ್ಲ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಅತಿಥಿಗಳ ಪರಿಚಯ. ಹೆಜ್ಜಾರ್ಲೆ ಬೂದುಬಣ್ಣದ ಭಾರೀ ಹಕ್ಕಿ. ತೂಕ ಸುಮಾರು ಐದು ಕಿಲೋ. ರೆಕ್ಕೆ ಬಿಚ್ಚಿದರೆ ಎತ್ತಿನಗಾಡಿಗಿಂತ ಅಗಲ. ಉದ್ದನೆಯ ಕೊಕ್ಕಿನ ಮೇಲೆ ನೀಲಿಯ ಚುಕ್ಕೆಗಳ ಸಾಲು, ಕೊಕ್ಕಿನ ಕೆಳಗೆ ಮೀನು ಹಿಡಿಯುವುದಕ್ಕೆ ಚೀಲ. ನೆಲದ ಮೇಲೆ ನಡೆಯುವುದನ್ನು ಕಂಡರೆ ನಗು ಬರುತ್ತದೆ. ಆಕಾಶದಲ್ಲಿ ರೆಕ್ಕೆ ಆಡಿಸದೆ ತೇಲುವುದನ್ನು ಕಂಡರೆ ಆ ನಗು ನಿಲ್ಲುತ್ತದೆ. ಬಣ್ಣದ ಕೊಕ್ಕರೆ ಅದಕ್ಕಿಂತ ಸಪುರ, ಬಲು ಸೊಗಸುಗಾರ. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟೆ, ಬೆನ್ನ ಹಿಂದೆ ಗುಲಾಬಿ ಬಣ್ಣದ ಗರಿಗಳು. ಎರಡು ಜಾತಿಗಳಲ್ಲೂ ದೊಡ್ಡ ಹಕ್ಕಿಗಳು ಬಹುಮಟ್ಟಿಗೆ ಮೌನಿಗಳು, ಗಲಾಟೆಯೆಲ್ಲ ಮರಿಗಳದ್ದು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಕೊಕ್ಕರೆಗಳು ಸಂಕ್ರಾಂತಿಯ ಆಚೀಚೆ. ಮುಂಗಾರು ಹಿಡಿಯುವ ವೇಳೆಗೆ ಮರಿಗಳಿಗೆ ರೆಕ್ಕೆ ಬಲಿತು ಎಲ್ಲರೂ ಹೊರಟುಹೋಗುತ್ತಾರೆ. ಅಂದರೆ ವರ್ಷದಲ್ಲಿ ಆರು ಏಳು ತಿಂಗಳು ಊರಿಗೆ ನೆಂಟರಿದ್ದಾರೆ.

ನೆಂಟರು ಎಂಬ ಮಾತು ನನ್ನ ಅಲಂಕಾರವಲ್ಲ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂತೆ ಇವು ಬರುತ್ತವೆ ಎಂಬುದು ಆ ಊರಿನ ಮಾತು. ಹಕ್ಕಿ ಬಂದರೆ ಊರಿಗೆ ಒಳ್ಳೆಯದು, ಮಳೆಬೆಳೆ ನೆಟ್ಟಗಾಗುತ್ತದೆ, ಹಕ್ಕಿ ಬಾರದ ವರ್ಷ ಕೆಡುಕು ಎಂಬ ನಂಬಿಕೆಯೂ ಅದರ ಜೊತೆಗಿದೆ. ಪೇಟೆಯವರು ಇಂಥ ಮಾತುಗಳನ್ನು ಕೇಳಿದಾಗ ‘ಎಷ್ಟು ಮುಗ್ಧ ಜನ’ ಎಂದು ಮೆಚ್ಚಿಕೊಂಡು ಸುಮ್ಮನಾಗುವುದುಂಟು. ಬಾಣಂತನಕ್ಕೆ ತವರಿನವರು ಎಷ್ಟು ಖರ್ಚು ಮಾಡುತ್ತಾರೆಂಬುದು ನಮ್ಮ ಗೃಹಿಣಿಯರಿಗೆ ಗೊತ್ತು. ಆ ಖರ್ಚನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡುವುದು ಸಭ್ಯತೆಯೂ ಅಲ್ಲ. ಆದರೆ ಖರ್ಚಂತೂ ಆಗಿಯೇ ಇರುತ್ತದೆ.

ಈ ಸಂಬಂಧ ಎಷ್ಟು ಹಳೆಯದು? ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜರ್ಡನ್ ಎಂಬಾತ ಭಾರತದ ಹಕ್ಕಿಗಳ ಮೇಲೆ ಬರೆದ ದೊಡ್ಡ ಗ್ರಂಥದ ಕೊನೆಯ ಸಂಪುಟ 1864ರಲ್ಲಿ ಹೊರಬಂತು. ಕರ್ನಾಟಿಕ್ ಸೀಮೆಯ ಹಳ್ಳಿಯೊಂದರ ನಡುವೆಯೇ ಗಿಡ್ಡಗಿಡ್ಡ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡುಕಟ್ಟಿದ್ದನ್ನು ಆತ ಅದರಲ್ಲಿ ಹೇಳಿದ್ದಾನೆ. ಅವು ಜನರ ಓಡಾಟವನ್ನು ಲಕ್ಷಿಸುತ್ತಲೇ ಇರಲಿಲ್ಲವಂತೆ, ಬಹುಕಾಲದಿಂದ ಹೀಗೇ ನಡೆದಿದೆಯೆಂದು ಊರವರು ಹೇಳಿದರಂತೆ. ಆ ಹಳ್ಳಿಯೇ ನಮ್ಮ ಬೆಳ್ಳೂರು ಎಂದು ಹೇಳುವವರಿದ್ದಾರೆ. ಅಭಿಮಾನದಿಂದ ಒಪ್ಪಿಕೊಂಡುಬಿಡಬಹುದು; ಆದರೆ ಆ ಕಾಲದ ಇಂಗ್ಲಿಷರ ಬಾಯಲ್ಲಿ ‘ಕರ್ನಾಟಿಕ್’ ಎಂದರೆ ಸಾಮಾನ್ಯವಾಗಿ ಘಟ್ಟದ ಕೆಳಗಿನ ಪೂರ್ವದ ಬಯಲುಸೀಮೆ, ಮೈಸೂರು ದೇಶವಲ್ಲ. ಅಲ್ಲದೆ ಊರ ನಡುವೆ ಹೆಜ್ಜಾರ್ಲೆಗಳನ್ನು ಇರಿಸಿಕೊಂಡಿದ್ದ ಹಳ್ಳಿಗಳು ಆಗ ದಕ್ಷಿಣದಲ್ಲಿ ಬೇರೆಯೂ ಇದ್ದವು. ಕಡಪ ಜಿಲ್ಲೆಯ ಬುಚ್ಚುಪಲ್ಲೆ ಅಂಥದೊಂದು. ಆದಕಾರಣ ಜರ್ಡನ್‌ನ ಸಾಕ್ಷ್ಯವನ್ನು ಬೆಳ್ಳೂರಿನ ಖಾತೆಗೆ ಹಾಕುವುದಕ್ಕಿಂತ, ಇಂಥ ತವರುಗಳು ಹಲವು ಇದ್ದು ಒಂದೊಂದಾಗಿ ಇಲ್ಲವಾದುವು, ಬೆಳ್ಳೂರು ಉಳಿಯಿತು ಎಂದು ತಿಳಿಯುವುದೇ ಸರಿಯೆಂದು ನನಗೆ ತೋರುತ್ತದೆ.

ಊರಿನವರ ನೆನಪು ಬೇರೊಂದು ಕಥೆಯನ್ನು ಹೇಳುತ್ತದೆ. ಮೊದಲು ಊರಿದ್ದದ್ದು ಶಿಂಷೆಯ ದಡದ ಹತ್ತಿರ. 1916ರಲ್ಲಿ ಪ್ಲೇಗು ಬಂತು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಾರಿ ಹಳೆಯ ಮೈಸೂರಿನ ಹಳ್ಳಿಹಳ್ಳಿಗೂ ಹರಡಿ, ಜನ ಮನೆ ಬಿಟ್ಟು ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡದ್ದನ್ನೂ, ಊರ ಹೊರಗೆ ಪ್ಲೇಗಿನಮ್ಮನ ಗುಡಿಗಳು ಎದ್ದದ್ದನ್ನೂ ನಮ್ಮ ಅಜ್ಜ ಅಜ್ಜಿಯರ ತಲೆಮಾರು ಬಲ್ಲದು. ಬೆಳ್ಳೂರಿನವರು ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಬಂದು ಹೊಸ ಊರಿನ ಮರಗಳಲ್ಲಿ ಗೂಡು ಕಟ್ಟಿದುವಂತೆ. ಹಕ್ಕಿಗಳು ಮನುಷ್ಯರನ್ನು ಹುಡುಕಿಕೊಂಡು ಬಂದವೆಂದರೆ ಕವಿತ್ವವೆನ್ನಬಹುದು. ಆದರೆ ಮನುಷ್ಯರಿರುವಲ್ಲಿ ಮರವನ್ನು ಹತ್ತುವ ಕಳ್ಳಬೆಕ್ಕು, ಮರಿಗೆ ಎರಗುವ ಹದ್ದು ಇವುಗಳ ಕಾಟ ಕೊಂಚ ಕಡಮೆ. ಆ ಮನುಷ್ಯರು ಕಲ್ಲು ಎಸೆಯುವವರಲ್ಲವೆಂದು ಹಕ್ಕಿಗೆ ಗೊತ್ತಾಗಿದ್ದರೆ ಊರಿಗಿಂತ ಕ್ಷೇಮವಾದ ಕಾಡು ಮತ್ತೊಂದಿಲ್ಲ.

ಈಗ ಹುಣಸೆಯ ಮರದ ಕೆಳಗೆ ನಿಂತು ಲೆಕ್ಕ ಹಾಕೋಣ. ನಮ್ಮ ಸೀಮೆಯಲ್ಲಿ ಹುಣಸೆಹಣ್ಣು ಮಾಗುವುದು ಶಿವರಾತ್ರಿಯ ಸುಮಾರಿಗೆ. ಮರದ ಯಜಮಾನ ತಾನೇ ಹಣ್ಣು ಬಡಿಸಬಹುದು, ಇಲ್ಲವೆ ಫಸಲನ್ನು ಮರದ ಮೇಲೆಯೇ ಗುತ್ತಿಗೆದಾರನಿಗೆ ಮಾರಿಬಿಡಬಹುದು. ಆಳು ಮರ ಹತ್ತಿ ಕೊಂಬೆ ಕುಲುಕಬೇಕು, ಗಳುವಿನಿಂದ ಬಡಿಯಬೇಕು. ಕೆಳಗೆ ಬಿದ್ದದ್ದನ್ನು ಹೆಂಗಸರು ಆಯ್ದು, ಓಡು ಬಿಡಿಸಿ, ನಾರು ತೆಗೆದು, ಬೀಜ ಕುಟ್ಟಿ ಉಂಡೆ ಕಟ್ಟಬೇಕು. ಒಣಭೂಮಿಯ ಸಂಸಾರಕ್ಕೆ ಬೇಸಗೆಯಲ್ಲಿ ಕೈಗೆ ಬರುವ ರೊಕ್ಕ ಇದು. ಹೊಲ ಕೈಕೊಟ್ಟ ವರ್ಷವೂ ಹುಣಸೆ ಕೈಬಿಡುವುದಿಲ್ಲವೆಂಬ ಧೈರ್ಯದಿಂದಲೇ ಹಿಂದಿನವರು ಮೊಮ್ಮಕ್ಕಳಿಗಾಗಿ ಈ ಮರವನ್ನು ನೆಟ್ಟರು.

ದುರದೃಷ್ಟವೆಂದರೆ ಹಣ್ಣು ಮಾಗುವ ತಿಂಗಳೂ ಗೂಡು ತುಂಬಿರುವ ತಿಂಗಳೂ ಒಂದೇ. ಹತ್ತು ಇಪ್ಪತ್ತು ಗೂಡುಗಳಲ್ಲಿ ಮೊಟ್ಟೆ ಮರಿಗಳಿರುವ ಮರವನ್ನು ಬಡಿಯುವುದು ಹೇಗೆ? ಬಡಿದರೆ ಹಣ್ಣಿನೊಂದಿಗೆ ಮರಿಗಳೂ ಕೆಳಕ್ಕೆ ಉದುರುತ್ತವೆ. ಜೊತೆಗೆ ಹಕ್ಕಿಯ ಹಿಕ್ಕೆ ಬಿದ್ದು ಎಲೆ ಸುಡುತ್ತದೆ, ಕಾಯಿ ಕೆಡುತ್ತದೆ. ಹೀಗಾಗಿ ಗೂಡಿದ್ದ ಮರದ ಫಸಲನ್ನು ಯಜಮಾನ ಬಿಟ್ಟುಕೊಡುತ್ತ ಬಂದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಅಪ್ಪನ ಕಾಲದಲ್ಲಿ, ಅಜ್ಜನ ಕಾಲದಲ್ಲಿ. ಯಾವ ಸರ್ಕಾರವೂ ಕೇಳದೆ, ಯಾವ ಸಂಘವೂ ರಸೀತಿ ಕೊಡದೆ, ಈ ಧಾಮಕ್ಕೆ ಸಂದ ಮೊದಲನೆಯ ವಂತಿಗೆ ಇದು. ಮೊತ್ತದಲ್ಲೂ ಇದೇ ಮಿಗಿಲಾಗಿರಬೇಕೆಂದು ನನ್ನ ಊಹೆ. ಇದರ ಮೇಲೆ ನಾತ, ಬೀದಿಗೆ ಬೀಳುವ ಅರೆಜೀರ್ಣವಾದ ಮೀನು, ಒಣಹಾಕಿದ ಬಟ್ಟೆಯ ಮೇಲೆ ಬಿಳಿಯ ಸುಣ್ಣ, ಇರುಳೆಲ್ಲ ಮರಿಗಳ ಕೂಗು. ಇವನ್ನು ಯಾವ ಬಾಬಿನಲ್ಲಿ ಬರೆಯಬೇಕೋ!

ಜಮೆಯ ಕಡೆಯೂ ಒಂದು ಬಾಬು ಇಲ್ಲದಿಲ್ಲ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳ. ಬೆಳ್ಳೂರಿನವರು ಗೂಡಿರುವ ಮರಗಳ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತಂದು ಹರಡುತ್ತಿದ್ದರು. ಆರು ತಿಂಗಳ ಹಿಕ್ಕೆ ಅದರೊಳಗೆ ಬೆರೆತು ಒಳ್ಳೆಯ ಗೊಬ್ಬರವಾಗುತ್ತಿತ್ತು. ಹೊಲದ ಬೆಳೆ ಅದರಿಂದ ಹುಲುಸಾಗುತ್ತಿತ್ತು. ಚೀಲದಲ್ಲಿ ಸರ್ಕಾರಿ ಗೊಬ್ಬರ ಬರುವುದಕ್ಕೆ ಮುಂಚಿನ ಕಾಲದಲ್ಲಿ ಇದರ ಬೆಲೆ ಎಷ್ಟೆಂಬುದನ್ನು ರೈತನೇ ಹೇಳಬೇಕು. ಆ ಚೀಲ ಅಂಗಡಿಯಲ್ಲಿ ದೊರೆಯತೊಡಗಿದಂತೆ ಜಮೆಯ ಈ ಬಾಬು ತೂಕ ಕಳೆದುಕೊಂಡಿತು. ಖರ್ಚಿನ ಬಾಬು ಹಾಗೆಯೇ ಉಳಿಯಿತು. ಹುಣಸೆಯ ಧಾರಣೆ ಏರಿದಂತೆ ಅದು ಬೆಳೆಯಿತೆಂದೇ ಹೇಳಬೇಕು. ಹಳೆಯ ಕಾಲದ ಜನ ಒಳ್ಳೆಯವರು, ಈಗಿನವರು ಸ್ವಾರ್ಥಿಗಳು ಎಂದು ತೀರ್ಪು ಕೊಡುವವರು ಈ ಒಂದು ವಿಷಯವನ್ನು ಮರೆಯಬಾರದು.

ಇಂಥದೇ ಒಡಂಬಡಿಕೆ ದಕ್ಷಿಣದಲ್ಲಿ ಇನ್ನೊಂದು ಕಡೆ ಕಾಗದಕ್ಕೂ ಏರಿತ್ತು. ಚೆಂಗಲ್ಪಟ್ಟು ಜಿಲ್ಲೆಯ ವೇದಂತಾಂಗಲ್ ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆ ಸಾವಿರಾರು ನೀರುಹಕ್ಕಿಗಳು ಗೂಡುಕಟ್ಟುತ್ತವೆ. ಅವುಗಳ ಹಿಕ್ಕೆಯಿಂದ ಸಾರವತ್ತಾದ ಕೆರೆಯ ನೀರು ಕೆಳಗಿನ ಬತ್ತದ ಗದ್ದೆಗಳಿಗೆ ಹರಿಯುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸಿಪಾಯಿಗಳು ಅಲ್ಲಿ ಹಕ್ಕಿಗಳಿಗೆ ಗುಂಡು ಹೊಡೆದಾಗ ರೈತರು ನೆಟ್ಟಗೆ ಕಲೆಕ್ಟರರ ಬಳಿಗೆ ಹೋಗಿ ದೂರುಕೊಟ್ಟರು. 1798ರಲ್ಲಿ ಲಯೊನೆಲ್ ಪ್ಲೇಸ್ ಎಂಬ ಕಲೆಕ್ಟರರು ಹಕ್ಕಿಗಳನ್ನು ಕೊಲ್ಲಬಾರದೆಂದು ಕೌಲು ಬರೆದುಕೊಟ್ಟರು. 1858ರಲ್ಲಿ ಊರವರು ಕೇಳಿಕೊಂಡದ್ದರ ಮೇಲೆ ಮತ್ತೆ ಅಂಥದೇ ಹುಕುಂ ಹೊರಟಿತು. ಎರಡು ಸಲವೂ ಮುಂದೆ ಬಂದವರು ಊರಿನವರು; ಸರ್ಕಾರ ರುಜು ಹಾಕಿತು. ಬೆಳ್ಳೂರಿನವರಿಗೆ ಅಂಥ ಕೌಲು ಬರೆಸಿಕೊಳ್ಳುವ ಪ್ರಸಂಗ ಬಂದಂತಿಲ್ಲ. ಹೊರಗಿನವರಿಗೆ ಅವರ ವಿಷಯ ಗೊತ್ತಿದ್ದರೆ ತಾನೆ!

ಗೊತ್ತಾದದ್ದು 1976ರಲ್ಲಿ. ಅರಣ್ಯಾಧಿಕಾರಿಗಳಾಗಿದ್ದ ಶ್ರೀ ಎಸ್. ಜಿ. ನೇಗಿನಹಾಳರು ಬೆಳ್ಳೂರಿನ ಗೂಡುಗಳನ್ನು ಕಂಡು, ಮರುವರ್ಷ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ಬೀದಿಬೀದಿಗೂ ಮರ ನೆಡಿಸಿದ ಅಧಿಕಾರಿಯೆಂದು ಮುಂದೆ ಅವರು ಹೆಸರಾದರು. ಪಕ್ಷಿವಿಜ್ಞಾನಿಗಳಿಗೆ ಇದು ದೊಡ್ಡ ಸುದ್ದಿಯಾಯಿತು. ಯಾಕೆಂದರೆ ಈ ಜಾತಿಯ ಹೆಜ್ಜಾರ್ಲೆ ಅಷ್ಟರಲ್ಲಿ ಬಹಳ ಕಡೆ ಅಳಿದುಹೋಗಿತ್ತು. ಬರ್ಮಾದ ಸಿಟಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬಾತ ಎಣಿಕೆಗೆ ಸಿಕ್ಕದಷ್ಟು ಗೂಡುಗಳನ್ನು ಕಂಡಿದ್ದ. ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಅಲ್ಲಿ ಒಂದೂ ಉಳಿದಿರಲಿಲ್ಲ. ಅಂಥ ಹಕ್ಕಿ ಮಂಡ್ಯ ಜಿಲ್ಲೆಯ ಹಿತ್ತಿಲುಗಳಲ್ಲಿ ನಿಶ್ಚಿಂತೆಯಿಂದ ಸಂಸಾರ ಹೂಡಿತ್ತು. ವಿದ್ವಾಂಸರು ಇದನ್ನು ‘ಶೋಧ’ವೆಂದು ಕರೆದಾಗ ಊರ ಮುದುಕರು ಏನೆಂದುಕೊಂಡರೋ.

ನೇಗಿನಹಾಳರು ಕಂಡದ್ದು ಹಕ್ಕಿಗಳನ್ನು ಮಾತ್ರವಲ್ಲ, ಹುಣಸೆಯ ಲೆಕ್ಕವನ್ನೂ. ಗೂಡಿರುವ ಮರದ ಯಜಮಾನನಿಗೆ ಹಣ್ಣಿನ ನಷ್ಟಕ್ಕಾಗಿ ಅರಣ್ಯ ಇಲಾಖೆಯಿಂದ ಇಷ್ಟು ಹಣ ಕೊಡುವ ಪದ್ಧತಿ ಆ ಕಾಲದಲ್ಲಿ ಹುಟ್ಟಿತು. ತವರಿನ ಖರ್ಚು ಮೊದಲ ಬಾರಿಗೆ ಸರ್ಕಾರದ ಕಡತದಲ್ಲಿ ಸೇರಿದ್ದು ಹೀಗೆ. ಮೊತ್ತ ಸಣ್ಣದು, ಕಾಲಕಾಲಕ್ಕೆ ಏರಿದ್ದೂ ಹುಣಸೆಯ ಪೇಟೆ ಧಾರಣೆಯ ಹಿಂದೆ ಕುಂಟುತ್ತಲೇ ಬಂದಿತು. ಆದರೂ ಆ ಏರ್ಪಾಡಿನ ಹಿಂದಿರುವ ತಿಳಿವಳಿಕೆ ದೊಡ್ಡದು. ‘ನಿಮ್ಮ ಹಿತ್ತಿಲ ಮರ ಇನ್ನು ಸರ್ಕಾರದ್ದು’ ಎನ್ನಲಿಲ್ಲ, ‘ನಿಮ್ಮ ನಂಬಿಕೆಯನ್ನು ಮೆಚ್ಚಿದೆವು’ ಎಂದು ಹಾರ ಹಾಕಿ ಹೊರಡಲೂ ಇಲ್ಲ. ನಿಮ್ಮ ನಷ್ಟ ನಮಗೆ ತಿಳಿದಿದೆ ಎಂದಿತು.

ನನ್ನ ಆಕ್ಷೇಪಣೆ ಒಂದೇ, ಅದೂ ಹೆಸರಿನ ಬಗ್ಗೆ. ಈ ಹಣವನ್ನು ಪರಿಹಾರವೆನ್ನುತ್ತಾರೆ. ಪರಿಹಾರ ಕೊಡುವುದು ಬೆಂಕಿ ಬಿದ್ದಾಗ, ಆನೆ ತುಳಿದಾಗ. ಮನೆಯ ಮಾಡನ್ನು ಬೇರೊಬ್ಬರ ವಾಸಕ್ಕೆ ಬಿಟ್ಟುಕೊಟ್ಟರೆ ಅದಕ್ಕೆ ಬರುವುದನ್ನು ಬಾಡಿಗೆ ಎನ್ನುವುದು ಲೋಕರೂಢಿ. ಹೆಸರಿನಲ್ಲೇನಿದೆ ಎಂದು ಕೇಳಬಹುದು. ಪರಿಹಾರಕ್ಕೆ ಅರ್ಜಿ ಹಿಡಿದು ಕಾಯಬೇಕು, ಬಾಡಿಗೆಯನ್ನು ತಿಂಗಳಿಗೆ ಸರಿಯಾಗಿ ಕೇಳಬಹುದು, ಹೆಸರಿನಲ್ಲಿರುವುದು ಇಷ್ಟು. ಅಲ್ಲದೆ ಗೂಡು ಕಟ್ಟಿದ ಮರಕ್ಕೆ ಹಣವೆಂದಮೇಲೆ, ಇವತ್ತು ಸಸಿ ನೆಟ್ಟು ಕಾಯುವವನಿಗೆ ಏನೂ ಇಲ್ಲ. ಹುಣಸೆಯ ಸಸಿ ಫಲ ಬಿಡಲು ಎಂಟು ಹತ್ತು ವರ್ಷ ಬೇಕು. ಹೆಜ್ಜಾರ್ಲೆಯ ಭಾರ ಹೊರುವಂತಾಗಲು ಅದಕ್ಕೂ ಬಹಳ ಹೆಚ್ಚು. ಅಣ್ಣತಮ್ಮಂದಿರು ಪಾಲಾಗಿ ಹಿತ್ತಿಲಲ್ಲಿ ಗೋಡೆ ಎದ್ದಾಗ, ಮನೆ ವಿಸ್ತರಿಸಬೇಕಾದಾಗ, ಮಗಳ ಮದುವೆ ಗೊತ್ತಾದಾಗ ಮೊದಲು ಕಣ್ಣಿಗೆ ಬೀಳುವುದು ಮುದಿ ಮರ. ಕಡಿದ ಮರಗಳ ಜಾಗಕ್ಕೆ ಅಷ್ಟೇ ಮರಗಳು ಬರಲಿಲ್ಲ. ಗೂಡುಗಳ ಸಂಖ್ಯೆ ಒಂದು ವರ್ಷ ಏರಿ ಒಂದು ವರ್ಷ ಇಳಿದರೂ ಮರಗಳ ಸಂಖ್ಯೆ ಒಂದೇ ದಿಕ್ಕಿಗೆ ನಡೆಯಿತು.

1994ರಲ್ಲಿ ಮೈಸೂರಿನ ಕೆಲವರು ನಿಸರ್ಗಪ್ರೇಮಿಗಳು ಈ ಊರಿಗೆ ಬಂದುಹೋಗತೊಡಗಿದರು. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬುದು ಅವರ ಸಂಘ. ದುರ್ಬೀನು ಹಿಡಿದು ಬಂದು ಹಕ್ಕಿ ಎಣಿಸಿ ಹಿಂದಿರುಗುವವರು ಎಷ್ಟೋ ಮಂದಿ. ಇವರು ಊರಿನ ಹುಡುಗರೊಂದಿಗೆ ಕೂತು ಮಾತನಾಡಿದರು. ಅದರ ಫಲವಾಗಿ ಊರಿನ ತರುಣರೇ ಸೇರಿ ‘ಹೆಜ್ಜಾರ್ಲೆ ಬಳಗ’ ಎಂದು ಕಟ್ಟಿಕೊಂಡರು. ಬಳಗ ಎಂಬ ಮಾತನ್ನು ಆರಿಸಿದವರು ಯಾರೋ, ಅವರಿಗೆ ನಮಸ್ಕಾರ. ತವರು ಎಂದಮೇಲೆ ಬಳಗವಿಲ್ಲದೆ ಆಗುತ್ತದೆಯೆ?

ಬಳಗದ ಮುಖ್ಯ ಕೆಲಸವನ್ನು ಕೇಳಿದರೆ ಸರಳವೆನ್ನಿಸುತ್ತದೆ: ಬಿದ್ದ ಮರಿಯನ್ನು ಎತ್ತುವುದು. ಹೆಜ್ಜಾರ್ಲೆಯ ಗೂಡು ಕಡ್ಡಿಗಳನ್ನು ಪೇರಿಸಿದ ಅಟ್ಟಣೆ, ಮರದ ತುದಿಯಲ್ಲಿ. ಒಂದೊಂದರಲ್ಲಿ ಎರಡು ಮೂರು ಮರಿ. ಬೇಸಗೆಯ ಸಂಜೆ ಗಾಳಿ ಎದ್ದಿತೆಂದರೆ, ಇಲ್ಲವೆ ಮೀನಿನ ತುತ್ತಿಗೆ ಮರಿಗಳು ಜಗಳವಾಡಿದವೆಂದರೆ ಒಂದು ಕೆಳಕ್ಕೆ ಉರುಳುತ್ತದೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಬಂದು ಉಣಿಸುವುದಿಲ್ಲ. ಬಿದ್ದಲ್ಲಿಗೆ ನಾಯಿ ಬರುತ್ತದೆ. ಹಿಂದೆ ಇಂಥ ಮರಿಗಳ ಗತಿ ಅಷ್ಟೇ ಆಗಿತ್ತು. ಬಳಗದವರು ಅವನ್ನು ಎತ್ತಿ ತಂದು ತಂತಿಯ ಬಲೆಯಿಂದ ಮಾಡಿದ ಆವರಣದಲ್ಲಿ ಬಿಡುತ್ತಾರೆ. ಪೆಟ್ಟಾಗಿದ್ದರೆ ಮದ್ದು, ಆಮೇಲೆ ಮೀನು. ರೆಕ್ಕೆ ಬಲಿತು ಹಾರುವ ತನಕ ಈ ಉಪಚಾರ ನಡೆಯಬೇಕು. ಗೂಡಿನಲ್ಲೇ ಇದ್ದ ಮರಿಗೂ ಹಾರಲು ಮೂರು ನಾಲ್ಕು ತಿಂಗಳು ಬೇಕೆಂದಮೇಲೆ, ಕೆಳಗೆ ಬಿದ್ದದ್ದಕ್ಕೆ ಅವಸರ ಮಾಡಿದರೆ ನಡೆಯದು.

ಇಲ್ಲಿ ಹಣದ ಮಾತು ಮತ್ತೆ ಬರುತ್ತದೆ. ಹೆಜ್ಜಾರ್ಲೆಯ ಮರಿಗೆ ರಾಗಿಮುದ್ದೆ ಆಗದು, ಅನ್ನವೂ ಆಗದು, ಮೀನೇ ಆಗಬೇಕು. ಅದೂ ದಿನಾ, ಅದೂ ಹಸಿಯದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಮೀನಿನ ಬೆಲೆ ಏರುತ್ತದೆ, ಮರಿಗಳು ಬೀಳುವುದೂ ಆಗಲೇ. ಮನೆಯಲ್ಲಿ ಕೂತು ಈ ಬರಹ ಓದುತ್ತಿರುವವರು ಹತ್ತು ಕೂಸುಗಳಿರುವ ಮನೆಗೆ ಹಾಲಿನ ಖರ್ಚೆಷ್ಟು ಎಂದು ಒಂದು ಗಳಿಗೆ ಯೋಚಿಸಿದರೆ ಬಳಗದ ಬೇಸಗೆ ಹೇಗಿರುತ್ತದೆಂಬುದು ಅರ್ಥವಾದೀತು. ಮೈಸೂರಿನ ಗೆಳೆಯರ ವಂತಿಗೆ, ನೋಡಬಂದವರ ಕಾಣಿಕೆ, ಅರಣ್ಯ ಇಲಾಖೆಯ ನೆರವು ಎಲ್ಲವನ್ನೂ ಕೂಡಿಸಿದರೂ ಇಂಥ ಕೆಲಸಕ್ಕೆ ಬಹುಪಾಲು ಸಲ್ಲುವುದು ಕೂಲಿಯಿಲ್ಲದ ದುಡಿಮೆ. ಮರಿ ಬಿದ್ದ ಸುದ್ದಿ ಬಂದಾಗ ಹೊಲದಲ್ಲಿ ಉಳುತ್ತಿದ್ದವನು ಮಡಕೆ ನಿಲ್ಲಿಸಿ ಬರಬೇಕು. ಮೀನು ತರುವವನು ಬೆಳಗ್ಗೆ ಎದ್ದು ಹೋಗಬೇಕು. ಸ್ವಯಂಸೇವೆ ಎಂಬ ದೊಡ್ಡ ಮಾತಿಗೆ ಹಳ್ಳಿಯಲ್ಲಿ ಇರುವ ಅರ್ಥ ಒಂದು ಹೊತ್ತಿನ ಗೇಯ್ಮೆ ತಪ್ಪಿಸಿಕೊಳ್ಳುವುದು. ರಜೆಯ ದಿನ ಸೇವೆ ಮಾಡುವ ನಮ್ಮ ನಗರದ ಅನುಕೂಲ ಅಲ್ಲಿಲ್ಲ. ಬೇಸಾಯಕ್ಕೂ ಭಾನುವಾರವಿಲ್ಲ, ಮರಿಗಳ ಹಸಿವಿಗೂ ಇಲ್ಲ.

ಕಾನೂನು ಈ ಊರನ್ನು ಹುಡುಕಿಕೊಂಡು ಬಂದದ್ದು ಬಹಳ ತಡವಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಸ್ಥಳವಿತ್ತು. ಮನೆಯ ಹಿತ್ತಿಲಿಗೆ ಇರಲಿಲ್ಲ. ಹಿತ್ತಿಲನ್ನು ಅಭಯಾರಣ್ಯ ಮಾಡಿದರೆ ಮನೆಯವರು ಎಲ್ಲಿಗೆ ಹೋಗಬೇಕು? 2002ರ ತಿದ್ದುಪಡಿಯಲ್ಲಿ ‘ಸಮುದಾಯ ಮೀಸಲು ಪ್ರದೇಶ’ ಎಂಬ ಹೊಸ ವರ್ಗ ಸೇರಿತು. ಖಾಸಗಿಯವರ ಅಥವಾ ಸಮುದಾಯದ ಜಮೀನಿನಲ್ಲಿ, ಅಲ್ಲಿನ ಜನ ತಾವಾಗಿ ಮುಂದೆ ಬಂದರೆ ಮಾತ್ರ, ರಾಜ್ಯ ಸರ್ಕಾರ ಇಂಥ ಮೀಸಲನ್ನು ಘೋಷಿಸಬಹುದು. ಜಮೀನು ಯಜಮಾನನದಾಗಿಯೇ ಉಳಿಯುತ್ತದೆ. ನಡೆಸುವ ಸಮಿತಿಗೆ ಗ್ರಾಮ ಪಂಚಾಯಿತಿ ನೇಮಿಸುವ ಐವರು, ಅರಣ್ಯ ಇಲಾಖೆಯ ಒಬ್ಬರು ಎಂದು ಆ ತಿದ್ದುಪಡಿ ಗೊತ್ತುಮಾಡಿತು. ಸಮಿತಿ ಆರಿಸಿದ ಅಧ್ಯಕ್ಷನೇ ಆ ಪ್ರದೇಶದ ಗೌರವ ವನ್ಯಜೀವಿ ಪಾಲಕ. ಐದಕ್ಕೆ ಒಂದು ಎಂಬ ಈ ಪ್ರಮಾಣ ನಮ್ಮ ಕಾನೂನುಗಳಲ್ಲಿ ಅಪರೂಪ. ಸಾಮಾನ್ಯವಾಗಿ ಐದು ಮಂದಿ ಅಧಿಕಾರಿಗಳು, ಒಬ್ಬ ಹಳ್ಳಿಗ. ಮೇಘಾಲಯದ ಊರವರು ತಮ್ಮ ಕಾಡುಗಳಿಗೆ ಈ ಕಾನೂನನ್ನು ಧಾರಾಳವಾಗಿ ಬಳಸಿಕೊಂಡರು. ನಮ್ಮಲ್ಲಿ 2007ರಲ್ಲಿ ಕೊಕ್ಕರೆ ಬೆಳ್ಳೂರಿನ ಸುಮಾರು 312 ಹೆಕ್ಟೇರುಗಳು ಸಮುದಾಯ ಮೀಸಲು ಎಂದು ಘೋಷಿತವಾದುವು.

ಕಾನೂನು ಕೊಟ್ಟದ್ದು ಮರ್ಯಾದೆ. ಕೇಳಿದ್ದೂ ಒಂದಿದೆ. ಘೋಷಣೆಯಾದ ಮೇಲೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಇಲ್ಲದೆ ಭೂಮಿಯ ಬಳಕೆಯನ್ನು ಬದಲಿಸುವಂತಿಲ್ಲ. ತಾತ ಕೇವಲ ಮರ್ಯಾದೆಗೆ ಅಂಜಿ ನಡೆಸಿಕೊಂಡು ಬಂದದ್ದು ಮೊಮ್ಮಗನಿಗೆ ಕಟ್ಟಳೆಯಾಯಿತು. ಕಟ್ಟಳೆಯ ಜೊತೆಗೆ ನಷ್ಟದ ಬಾಬು ಎಲ್ಲಿಂದ ಬರಬೇಕೆಂಬುದನ್ನು ಸಮಿತಿಯನ್ನು ರಚಿಸಿದ ಆ ಕಲಮುಗಳು ಹೇಳಲಿಲ್ಲ. ಬಂಡವಾಳವಿಲ್ಲದ ಸಹಕಾರ ಸಂಘದ ಪಾಡನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೀಸಲಿನ ಮೇರೆ ಎಲ್ಲಿಗೆ ಮುಗಿಯುತ್ತದೆಂಬುದು ಹಕ್ಕಿಗೆ ತಿಳಿಯದು. ಗೂಡು ಬೆಳ್ಳೂರಿನಲ್ಲಿ, ಊಟ ಹೊರಗೆ. ಶಿಂಷಾ ನದಿಯ ಮಡುಗಳು, ಸುತ್ತಲ ಊರುಗಳ ಕೆರೆಗಳು, ಇನ್ನೂ ದೂರದ ನೀರುಗಳು ಅವುಗಳ ಅಡಿಗೆಮನೆ. 2017ರ ಕೊನೆಯಿಂದ 2018ರ ಬೇಸಗೆಯವರೆಗೆ ಬೆಳ್ಳೂರಿನ ಮರಗಳಿಂದ ಒಂದರ ಮೇಲೊಂದು ಹೆಜ್ಜಾರ್ಲೆಗಳು ಸತ್ತು ಬಿದ್ದುವು. ಮರಿಗಳಲ್ಲ, ಬೆಳೆದ ಹಕ್ಕಿಗಳು, ನಲವತ್ತಕ್ಕೂ ಹೆಚ್ಚು. ಕೊಯ್ದು ನೋಡಿದಾಗ ಹೊಟ್ಟೆಯ ತುಂಬ ದುಂಡುಹುಳುಗಳು. ಈ ಹುಳು ಹಕ್ಕಿಗೆ ಬರುವುದು ಮೀನಿನ ಮೂಲಕ. ಕೊಳಕು ಸೇರಿದ ನೀರಿನಲ್ಲಿ ಅಂಥ ಮೀನು ಹೆಚ್ಚುತ್ತದೆ. ಊರಿನವರು ಹುಣಸೆಯನ್ನು ಬಿಟ್ಟುಕೊಟ್ಟಿದ್ದರು, ಬಳಗದವರು ಮರಿಗಳನ್ನು ಕಾದಿದ್ದರು, ಸಮಿತಿಗೆ ಕಾನೂನಿನ ಬಲವಿತ್ತು. ಆದರೆ ಮೇಲಿನ ಪೇಟೆಗಳ ಚರಂಡಿ ಯಾವ ಕೆರೆಗೆ ಹರಿಯಬೇಕೆಂಬುದನ್ನು ಬೆಳ್ಳೂರಿನ ಐವರು ಹೇಗೆ ತೀರ್ಮಾನಿಸಿಯಾರು? ಆ ಚರಂಡಿಯಲ್ಲಿ ನಮ್ಮ ನಿಮ್ಮ ಮನೆಯ ಬಚ್ಚಲ ನೀರೂ ಇದ್ದೀತು.

ಹುಣಸೆಯ ಮಾತಿಗೇ ಬರೋಣ. ಊರಿನ ಸುತ್ತ ಸಸಿಗಳನ್ನು ಇಲಾಖೆಯೂ ನೆಡಿಸಿದೆ, ಊರವರೂ ನೆಟ್ಟಿದ್ದಾರೆ. ಆಲ, ಅರಳಿ ಜಾತಿಯವು ಬೇಗ ಬೆಳೆಯುತ್ತವೆ, ಫಸಲಿನ ತಂಟೆಯಿಲ್ಲ. ಹಕ್ಕಿಗಳಿಗೆ ಅವೂ ಒಪ್ಪಿಗೆ. ಹಾಗಾದರೆ ಅವನ್ನೇ ನೆಟ್ಟರಾಯಿತಲ್ಲ ಎಂದು ಕೇಳಬಹುದು. ಆಲಕ್ಕೆ ಬೇಕಾದಷ್ಟು ಜಾಗ ಹಿತ್ತಿಲಲ್ಲಿಲ್ಲ. ಅದರ ಬೇರು ಗೋಡೆಯನ್ನು ಬಿಡುವುದಿಲ್ಲ. ಗೋಮಾಳದಲ್ಲಿ ನೆಟ್ಟರೆ ಆಡುಕುರಿಗಳಿಂದ ಕಾಯುವವರು ಬೇಕು. ಹುಣಸೆಯಾದರೆ ಯಜಮಾನ ತಾನೇ ಕಾಯುತ್ತಾನೆ, ಏಕೆಂದರೆ ಅದರ ಹಣ್ಣಿಗೆ ಬೆಲೆಯಿದೆ. ಆ ಬೆಲೆಯ ದೆಸೆಯಿಂದಲೇ ಹಕ್ಕಿಗೆ ಬಿಟ್ಟುಕೊಡುವಾಗ ಅವನಿಗೆ ನಷ್ಟವೂ ಆಗುತ್ತದೆ. ಈ ತೊಡಕು ಅಲ್ಲಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಜೂನ್ ಹೊತ್ತಿಗೆ ಮಳೆಯ ಹದ ಬಿದ್ದು ಕೊನೆಯ ಮರಿಗಳೂ ಹಾರಿಹೋದ ಮೇಲೆ ಕೊಂಬೆಗಳಲ್ಲಿ ಕಡ್ಡಿಯ ಅಟ್ಟಣೆಗಳು ಬರಿದಾಗಿ ನಿಂತಿರುತ್ತವೆ. ಆಗ ಒಂದಿಷ್ಟು ಆಳುಗಳು ಮರ ಹತ್ತಿ, ಹಕ್ಕಿಗಳು ಕೆಡಿಸದೆ ಉಳಿಸಿದ ಹುಣಸೆಯನ್ನು ಉದುರಿಸಿಕೊಳ್ಳುತ್ತಾರೆ. ಬುಡದ ಗೋಡುಮಣ್ಣನ್ನು ಇಂದಿಗೂ ಬೇಕೆನ್ನುವ ರೈತ ಮಂಕರಿಯಲ್ಲಿ ತುಂಬಿ ರಾಗಿಯ ಹೊಲಕ್ಕೆ ಹೊರುತ್ತಾನೆ.